ಉಳಿದೆರಡು ಎತ್ತು

ಬಡವನಿಗೆ ಎರಡು ಎತ್ತು ಕೊಟ್ಟರೆ ಅವನು ಬಡವನಾಗಿ ಉಳಿಯುವುದಿಲ್ಲ, ಉಳಿಯದಿದ್ದರೆ ಮುಂದಿನ ವರ್ಷ ಯೋಜನೆ ಯಾರಿಗೆ ಮಾಡುವುದು? ಇಂಥ ದೂರದೃಷ್ಟಿಯಿಂದಲೇ ಇರಬೇಕು, ತೊಂಬತ್ತೈದರಲ್ಲಿ ಇಲಾಖೆಯವರು ಕಿಣ್ಣಿ ಸುಲ್ತಾನ ಎಂಬ ಊರಿನ ಎಂಟು ಮನೆಗಳಿಗೆ ಒಂದೊಂದೇ ಎತ್ತು ಹಂಚಿದರು. ಒಂಟಿ ಎತ್ತಿನಿಂದ ಬಿತ್ತುವ ಕೂರಿಗೆ ಹೂಡಲು ಬರುವುದಿಲ್ಲ ಎಂಬುದು ಎತ್ತಿಗೂ ಗೊತ್ತಿತ್ತು. ಇಲಾಖೆಗೆ ಗೊತ್ತಾಗಲು ಒಂದು ಮಳೆಗಾಲ ಹಿಡಿಯಿತು. ಗೊತ್ತಾದ ಮೇಲೆ ಇನ್ನೊಂದು ಹುಕುಂ ಹೊರಬಿತ್ತು. ಎಂಟು ಎತ್ತುಗಳನ್ನು ನಾಲ್ಕು ಜೋಡಿ ಮಾಡಬೇಕು. ಜೋಡಿಯ ಒಡೆಯರಿಬ್ಬರೂ ಮುಯ್ಯಿಯ ಮೇಲೆ ಒಬ್ಬರ ಹೊಲ ಒಬ್ಬರು ಬಿತ್ತಿಕೊಡಬೇಕು. ಇಲಾಖೆ ಕಟ್ಟಿದ ಜೋಡಿಯನ್ನು ಯಾರಾದರೂ ಬಿಚ್ಚಿದರೆ ಅವರ ಎತ್ತು ವಾಪಸ್.

ಎತ್ತುಗಳಾದರೂ ಎಂಥವು! ಗುತ್ತಿಗೆದಾರ ಅಫಜಲಪುರದ ಸಂತೆಯಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಹಗ್ಗ ಹಾಕಿ ಎಳೆದು ತಂದಿದ್ದ. ಒಂದು ಆನೆಯ ತಮ್ಮನಂತೆ ಎತ್ತರ, ಇನ್ನೊಂದು ಹೋತಿನ ಅಣ್ಣನಂತೆ ಗಿಡ್ಡ. ಯಾವುದಕ್ಕೆ ಯಾವುದನ್ನು ಕಟ್ಟಬೇಕು ಎಂಬುದನ್ನು ಊರವರಿಗೇ ಬಿಟ್ಟಿದ್ದರೆ ಆಗುತ್ತಿತ್ತೇನೋ. ಆದರೆ ಯಾರ ಎತ್ತಿನ ಪಕ್ಕಕ್ಕೆ ಯಾರ ಎತ್ತು ನಿಲ್ಲಬಾರದು ಎಂಬುದಕ್ಕೆ ಆ ಎಂಟು ಮನೆಗಳಲ್ಲಿ ಹದಿನಾರು ಕಾರಣಗಳಿದ್ದವು.

ಅದೇ ಹೊತ್ತಿಗೆ ಇಲಾಖೆಯ ಆಳಂದದ ಕಚೇರಿಗೆ ಒಂದು ಕಂಪ್ಯೂಟರ್ ಬಂದಿಳಿದಿತ್ತು. ಅದು ಜೇವರ್ಗಿಗೆ ಹೋಗಬೇಕಾದದ್ದು, ಲಾರಿಯವನು ದಾರಿ ತಪ್ಪಿ ಇಲ್ಲಿ ಇಳಿಸಿದ ಎಂದು ಕೆಲವರು ಹೇಳುತ್ತಿದ್ದರು. ಇರಬಹುದು. ಬಾಗಿಲಿಗೆ ಬಂದ ದೇವರನ್ನು ಯಾರು ತಿರುಗಿ ಕಳಿಸುತ್ತಾರೆ? ಸಾಹೇಬರು ಅದಕ್ಕೆ ಕುಂಕುಮ ಹಚ್ಚಿಸಿ, ಹಾರ ಹಾಕಿಸಿ, ಅದರ ಕೋಣೆಯೊಳಗೆ ಚಪ್ಪಲಿ ತರಕೂಡದೆಂದು ಬೋರ್ಡು ಬರೆಸಿದರು. ಆಮೇಲೆ ಊರಿಗೆ ಬಂದು ಹನುಮಂತ ದೇವರ ಕಟ್ಟೆಯ ಮೇಲೆ ನಿಂತು ಭಾಷಣ ಮಾಡಿದರು.

"ಕಂಪ್ಯೂಟರಿಗೆ ಜಾತಿ ಇಲ್ಲ, ಬೀಗರಿಲ್ಲ. ಅದು ಯಾರ ಮನೆಯ ಚಹಾ ಕುಡಿಯೋದಿಲ್ಲ. ಎತ್ತುಗಳ ಎತ್ತರ ಅಳೆದು ಅದಕ್ಕೆ ಕೊಡ್ತೇವೆ. ಅದು ಹೇಳಿದ್ದೇ ಜೋಡಿ."

ಟೇಪು ಹಿಡಿದು ಡುಬ್ಬದವರೆಗೆ ಅಳೆದುಕೊಂಡು ಹೋದರು. ಎಂಟು ದಿನಕ್ಕೆ ಜೋಡಿಗಳ ಕಾಗದ ಬಂತು. ಎಂಟರಲ್ಲಿ ಎಲ್ಲಕ್ಕಿಂತ ಎತ್ತರದ ಎತ್ತು ಮಲ್ಕಮ್ಮನದು, ಐವತ್ತೈದು ಇಂಚು. ಎಲ್ಲಕ್ಕಿಂತ ಗಿಡ್ಡ ಎತ್ತು ಇಮಾಮಸಾಬನದು, ನಲವತ್ನಾಲ್ಕು ಇಂಚು. ಜಾತಿ ಇಲ್ಲದ, ಬೀಗರಿಲ್ಲದ, ಚಹಾ ಕುಡಿಯದ ಕಂಪ್ಯೂಟರ್ ಅವೆರಡನ್ನು ಗಂಟು ಹಾಕಿತ್ತು.

ಮಲ್ಕಮ್ಮನ ಗಂಡ ತೀರಿಕೊಂಡು ಏಳು ವರ್ಷವಾಗಿತ್ತು. ಅವನ ತಮ್ಮ ದೌಲತರಾಯ ಮಣ್ಣಿಗೆ ಬಂದವರ ಎದುರಿಗೇ, "ನಮ್ಮ ವೈನಿ ಇನ್ನೇನ್ ಒಕ್ಕಲತನ ಮಾಡ್ತಾಳ? ಮುಂದಿನ ಉಗಾದಿಗಿ ಹೊಲ ನನಗ ಪಾಲಿಗಿ ಹಾಕಿ ತವರಮನಿಗಿ ಹೋಗ್ತಾಳ" ಎಂದಿದ್ದ. ಅಂದಿನಿಂದ ಅವಳು ಅವನೊಡನೆ ಮಾತು ಬಿಟ್ಟಳು, ಹೊಲ ಬಿಡಲಿಲ್ಲ. ಅವನೂ ಅವಳನ್ನು ಮಾತಾಡಿಸಲಿಲ್ಲ. ಇಬ್ಬರ ಹೊಲಗಳ ನಡುವೆ ಮೊಳಕಾಲೆತ್ತರದ ಒಂದು ಬದು ಇತ್ತು. ಏಳು ವರ್ಷ ಬಾಡಿಗೆ ಎತ್ತು ತಂದು ಬಿತ್ತಿದ್ದಳು. ಪ್ರತಿ ಉಗಾದಿಗೂ ದೌಲತರಾಯ ಬದುವಿನ ಆಚೆ ನಿಂತು, ಬಸ್ಸಿಗೆ ಕಾಯುವವನಂತೆ ಅವಳ ಮನೆಯ ಕಡೆ ನೋಡುತ್ತಿದ್ದ. ಈ ವರ್ಷ ಸರಕಾರಿ ಎತ್ತು ಪಡೆದವರಿಗೆ ಬಾಡಿಗೆ ಎತ್ತು ಕೊಡಲು ಊರಲ್ಲಿ ಯಾರೂ ಮುಂದೆ ಬರಲಿಲ್ಲ. "ನಿನಗೇನವ್ವ, ಸರಕಾರದ ಮಗಳು" ಎಂದು ನಕ್ಕು ಕಳಿಸಿದರು.

ಉತ್ತರಿ ಮಳೆ ಹದವಾಗಿ ಬಿತ್ತು. ಕರಿಮಣ್ಣಿನ ಹದ ಗಂಡಸರ ಸಿಟ್ಟಿನಂತಲ್ಲ, ಒಮ್ಮೆ ಇಳಿದರೆ ತಿರುಗಿ ಏರುವುದಿಲ್ಲ. ಐದಾರು ದಿನದೊಳಗೆ ಜೋಳ ನೆಲಕ್ಕೆ ಬೀಳದಿದ್ದರೆ ವರ್ಷ ಹೋಯಿತು. ವರ್ಷ ಹೋದರೆ ಹೊಲ ಪಾಲಿಗೆ ಹೋಯಿತು, ದೌಲತರಾಯನ ಬಸ್ಸು ಬಂತು.

ಮಳೆ ನಿಂತ ಮೂರನೆಯ ದಿನ ಮಲ್ಕಮ್ಮ ಮತ್ತು ಇಮಾಮಸಾಬ ಬೆಳಿಗ್ಗೆಯೇ ನೊಗ ಹೂಡಿ ನೋಡಿದರು. ನೊಗದ ಒಂದು ತುದಿ ಮುಗಿಲು ನೋಡಿತು, ಇನ್ನೊಂದು ನೆಲ ನೋಡಿತು. ಕೂರಿಗೆಯ ಮೂರು ಹಲ್ಲುಗಳಲ್ಲಿ ಒಂದು ಮೊಣಕೈಯುದ್ದ ಒಳಗೆ ಇಳಿದು ಸಿಕ್ಕಿಕೊಂಡರೆ, ಕೊನೆಯದು ಗಾಳಿಯಲ್ಲಿ ಅಕ್ಷರ ಬರೆಯುತ್ತ ಹೋಯಿತು.

"ಇಮಾಮಸಾಬ, ನಿನ್ನ ಎತ್ತಿಗಿ ಒಂದ್ ಸ್ಟೂಲ್ ಕೊಡಸಪಾ."

"ನಿನ್ನ ಎತ್ತಿಗಿ ತಗ್ಗ ತೋಡಸಬೇ ಮಲ್ಕವ್ವಾ. ತಗ್ಗಿಗಿ ರೊಕ್ಕ ಹತ್ತಂಗಿಲ್ಲ."

"ನಿಂದು ಎತ್ತೋ, ಕುರಿಯೋ?"

"ಕಾಗದದಾಗ ಎತ್ತು ಅಂತ ಅದ. ನಾ ಕಾಗದ ನಂಬಾಂವ."

ನಾಲ್ಕು ಸುತ್ತಿಗೆ ನಗೆ ಮುಗಿಯಿತು. ಭಾರವೆಲ್ಲ ಜಾರಿ ಜಾರಿ ಗಿಡ್ಡ ಎತ್ತಿನ ಹೆಗಲ ಮೇಲೆ ಬಿದ್ದು ತೊಗಲು ಕಿತ್ತುಬಂದಿತ್ತು. ಇಮಾಮಸಾಬ ನೊಗ ಬಿಚ್ಚಿ ಎತ್ತಿನ ಕೊರಳು ತಬ್ಬಿ ನಿಂತುಬಿಟ್ಟ. "ನಾ ಹೂಡಂಗಿಲ್ಲ ಬೇ. ಎತ್ತ ವಾಪಸ್ ಒಯ್ದ್ರ ಒಯ್ಯಲಿ" ಎಂದ. ಆಮೇಲೆ ಸಣ್ಣ ದನಿಯಲ್ಲಿ, "ದೌಲತರಾಯ ಚಹಾದ ಅಂಗಡ್ಯಾಗ ಹೇಳಾಕತ್ತಾನ, ಈ ಉಗಾದಿ ತನಕ ಕಾಯೂದು ಬ್ಯಾಡ, ಈ ಅಮಾಸಿಗೇ ಹೊಲ ಬರ್ತದ ಅಂತ" ಎಂದ.

ಮಲ್ಕಮ್ಮ ನೊಗವನ್ನು ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ನಡೆದಳು.

"ಯವ್ವಾ, ನೊಗಕ್ಕ ಟಿಕೀಟ್ ತಗೋಬೇಕ್" ಎಂದ ಕಂಡಕ್ಟರ್.

"ಕುಂದ್ರಾಕ ಸೀಟ್ ಕೊಡ್ತಿ?"

"ಸೀಟ್ ಹ್ಯಾಂಗ ಕೊಡ್ಲಿ?"

"ಹಂಗಾರ ಅದು ನಿಂತ ಬರ್ತದ, ಸುಮ್ನಿರು."

ಕಂಡಕ್ಟರ್ ಅವಳ ಮುಖ ನೋಡಿ ಒಂದೇ ಟಿಕೀಟು ಹರಿದು ಕೊಟ್ಟ.

ಆಳಂದದ ಕಚೇರಿಯಲ್ಲಿ ಸಾಹೇಬರು ಉದ್ದನೆಯ ಮನುಷ್ಯ. ಅವರ ಜವಾನ ಅವರ ಮೇಜಿಗಿಂತ ಒಂದು ಗೇಣು ಮಾತ್ರ ಎತ್ತರ. ಮಲ್ಕಮ್ಮನಿಗೆ ವಿವರಿಸಿ ಹೇಳುವ ಸಹನೆ ಇರಲಿಲ್ಲ. ನೊಗದ ಒಂದು ತುದಿಯನ್ನು ಸಾಹೇಬರ ಹೆಗಲ ಮೇಲಿಟ್ಟಳು, ಇನ್ನೊಂದನ್ನು ಜವಾನನ ಹೆಗಲ ಮೇಲಿಟ್ಟಳು.

"ಎರಡ ಹೆಜ್ಜಿ ನಡೀರಿ."

ಸರಕಾರಿ ನೌಕರರು ಗಾಬರಿಯಾದಾಗ ಹೇಳಿದಂತೆ ಕೇಳುತ್ತಾರೆ. ಇಬ್ಬರೂ ನಡೆದರು. ನೊಗ ಜಾರಿ ಜವಾನನ ಕಿವಿಗೆ ಬಡಿದು, ಮೇಜಿನ ಮೇಲಿನ ಚಹಾದ ಬಟ್ಟಲನ್ನು ಉರುಳಿಸಿತು.

"ನೀವು ಬರೇ ಎರಡ ಹೆಜ್ಜಿ ನಡದ್ರಿ" ಎಂದಳು ಮಲ್ಕಮ್ಮ. "ನಮ್ಮ ಎತ್ತು ಆರ ಎಕರೆ ನಡೀಬೇಕು."

ಸಾಹೇಬರು ಹೆಗಲು ಒರೆಸಿಕೊಳ್ಳುತ್ತ, "ನೋಡಮ್ಮ, ಕಂಪ್ಯೂಟರ್ ತಪ್ಪು ಮಾಡೋದಿಲ್ಲ. ನಾಲ್ಕು ಜೋಡಿಯಲ್ಲಿ ಮೂರು ಜೋಡಿ ಚಿನ್ನದಂತಿವೆ. ಎಪ್ಪತ್ತೈದು ಪರ್ಸೆಂಟ್ ಅಂದರೆ ಫಸ್ಟ್ ಕ್ಲಾಸ್" ಎಂದರು.

"ನಾ ಉಳದ ಇಪ್ಪತ್ತೈದ್ರಾಗ ಅದೇನ್ರಿ."

"ಎಲ್ಲರಿಗೂ ಎಲ್ಲ ಸಿಗೋದಿಲ್ಲಮ್ಮ. ಕಾಗದಕ್ಕೆ ಸಹಿ ಆಗಿದೆ. ನಾಡಿದ್ದು ಕಲಬುರ್ಗಿಯಿಂದ ದೊಡ್ಡ ಸಾಹೇಬರು ಜೋಡಿಗಳ ಫೋಟೋ ತೆಗೆಸಲಿಕ್ಕೆ ಬರೋರಿದ್ದಾರೆ. ಈಗ ಹೋಗಿ ಬನ್ನಿ."

"ಫೋಟೋ ತಗೀತಾರ?" ಮಲ್ಕಮ್ಮನ ದನಿ ಥಟ್ಟನೆ ಮೆತ್ತಗಾಯಿತು. "ಹಂಗಾರ ಹೋಗಿ ಬರ್ತೇನ್ರಿ. ನಾಡದ ನಮ್ಮ ಜೋಡಿ ಎಲ್ಲಾರಿಗಿಂತ ಮುಂದ ನಿಲ್ಲಸ್ತೇನಿ. ನೀವು ನಡುವ ನಿಂದರ್ರಿ. ಒಂದ್ ಕಡಿ ಆನಿ, ಒಂದ್ ಕಡಿ ಆಡು. ಪೇಪರ್ದಾಗ ಛಂದ ಕಾಣಸ್ತದ."

ಸಾಹೇಬರು ಆ ಫೋಟೋವನ್ನು ಮನಸ್ಸಿನಲ್ಲೇ ನೋಡಿರಬೇಕು. ಗಟ್ಟಿಯಾಗಿ ಒಳಕೋಣೆಯ ಕಡೆ ಕೂಗಿದರು: "ಶಮಶಾದ್! ಈ ಅಮ್ಮನದು ಏನೋ ಸಣ್ಣ ತೊಂದರೆ ಇದೆಯಂತೆ, ನೋಡು!"

ಶಮಶಾದ ಆಳಂದದ ಹುಡುಗಿಯೇ. ಕಲಬುರ್ಗಿಯಲ್ಲಿ ಕಂಪ್ಯೂಟರ್ ಕೋರ್ಸು ಮಾಡಿ ದಿನಗೂಲಿಯ ಮೇಲೆ ಸೇರಿದ್ದಳು. ತಪ್ಪಾದರೆ ಶಮಶಾದ ಮಾಡಿದ್ದು, ಸರಿಯಾದರೆ ಕಂಪ್ಯೂಟರ್ ಮಾಡಿದ್ದು. ಇದು ಅವಳ ನೌಕರಿಯ ಕರಾರು. ಮಲ್ಕಮ್ಮ ಚಪ್ಪಲಿ ಹೊರಗೆ ಬಿಟ್ಟಳು, ನೊಗವನ್ನು ಒಳಗೇ ತಂದಳು. ನೊಗದ ಬಗ್ಗೆ ಬೋರ್ಡಿನಲ್ಲಿ ಏನೂ ಬರೆದಿರಲಿಲ್ಲ.

"ನೀ ಈ ಡಬ್ಬಿಗಿ ಏನಂತ ಹೇಳಿದ್ದಿ ಬೇ?"

ಶಮಶಾದ ಹಸಿರು ಅಕ್ಷರಗಳ ಪರದೆ ತೋರಿಸಿದಳು. ಎಂಟು ಎತ್ತುಗಳ ಎತ್ತರ, ಅಳೆದ ಕ್ರಮದಲ್ಲಿ: ಐವತ್ತೊಂದು, ನಲವತ್ನಾಲ್ಕು, ಐವತ್ತು, ಐವತ್ತೈದು, ನಲವತ್ತಾರು, ಐವತ್ಮೂರು, ನಲವತ್ತೇಳು, ನಲವತ್ತೊಂಬತ್ತು.

"ಪ್ರತಿ ಎತ್ತನ್ನ ಉಳದ ಎಲ್ಲಾ ಎತ್ತಿನ ಜೋಡಿ ಹೋಲಿಸಿ ನೋಡು, ಎಲ್ಲಾದ್ಕಿಂತ ಕಡಿಮಿ ಫರಕ್ ಇದ್ದ ಎರಡನ್ನ ಹುಡುಕು ಅಂದೇನ್ರಿ. ಸಿಕ್ಕ ಕೂಡ್ಲೆ ಅವೆರಡನ್ನ ಕಟ್ಟಿ ಹೊರಗಿಡು. ಉಳದದ್ರಾಗ ಮತ್ತ ಹುಡುಕು. ಮುಗಿಯೂ ತನಕ ಹಿಂಗೇ ಮಾಡು ಅಂದೆ. ಮೊದಲಿಗಿ ನಲವತ್ತಾರು, ನಲವತ್ತೇಳು. ಒಂದೇ ಇಂಚ್ ಫರಕ್. ಆಮ್ಯಾಲ ನಲವತ್ತೊಂಬತ್ತು, ಐವತ್ತು. ಅದೂ ಒಂದೇ ಇಂಚ್. ಆಮ್ಯಾಲ ಐವತ್ತೊಂದು, ಐವತ್ಮೂರು."

"ಆಮ್ಯಾಲ?"

"ಆಮ್ಯಾಲ... ಎರಡೇ ಉಳದ್ವು."

"ಅವನ್ನ ಹೋಲಿಸಿ ನೋಡಲಿಲ್ಲೇನು?"

"ಹೋಲಿಸಾಕ ಮತ್ಯಾವು ಅದಾವ್ರಿ? ಉಳದದ್ದೇ ಜೋಡಿ."

ಮಲ್ಕಮ್ಮ ಬೆಳಗಿನಿಂದ ಮೊದಲ ಬಾರಿ ನಕ್ಕಳು. ಒಳ್ಳೆಯ ನಗೆ ಅಲ್ಲ. "ನಮ್ಮವ್ವ ನನ್ನ ಲಗ್ನಾ ಮಾಡಿದ್ಹಂಗ ಆತಿದು. ಛಲೋ ಹುಡಗ್ಯಾರಿಗಿ ಛಲೋ ವರ ಮೊದಲೇ ಕಟ್ಟಿ ಕಳಿಸಿಬಿಟ್ರು. ಕಡೀಕ ಊರಾಗ ಉಳದಾಕಿ ನಾ, ಬಾಯಿ ಜೋರಿನಾಕಿ. ಉಳದಂವ ನಮ್ಮನ್ಯಾಂವ, ಕಿವಿ ಕೇಳಸದಂವ. ಗಂಟು ಹಾಕಿಬಿಟ್ರು."

"ಹಂಗಾರ ಜೋಡಿ ಸರೀನೇ ಆತಲ್ರಿ" ಎಂದಳು ಶಮಶಾದ.

ಮಲ್ಕಮ್ಮ ಕಣ್ಣು ದೊಡ್ಡದು ಮಾಡಿದಳು. ಬೈಯಲು ಬಾಯಿ ತೆರೆದವಳು ಬೈಯಲಾರದೆ ನಕ್ಕುಬಿಟ್ಟಳು. "ನಿನ್ನ ಬಾಯೂ ಸಣ್ಣದಿಲ್ಲ ಬಿಡು. ಅದು ನನ್ನ ನಸೀಬ ಬೇ. ಎತ್ತಿಗಿ ನಸೀಬ ಇರೂದಿಲ್ಲ, ಹೆಗಲ ಇರ್ತದ. ಇಮಾಮಸಾಬನ ಎತ್ತಿಂದು ತೊಗಲ ಕಿತ್ತು ರಗತ ಬಂದದ, ಹೋಗಿ ನೋಡು."

ಶಮಶಾದಳ ಮುಖ ಬಾಡಿತು. ಪರದೆಯ ಅಂಕಿಗಳ ಮೇಲೆ ಬೆರಳಾಡಿಸಿದಳು. "ನಾ ಮೊದಲನೇ ಜೋಡಿ ಎಷ್ಟ್ ಛಂದ ಬಂತು ಅಂತ ನೋಡಿದೆ" ಎಂದಳು. "ಕಡೀ ಜೋಡಿ ನೋಡಲಿಲ್ಲ. ನಡುವಿನ ಎತ್ತುಗಳನ್ನ ಅವಸರಲೆ ಕಟ್ಟಿಬಿಟ್ರ ಆ ತುದೀದು, ಈ ತುದೀದು ಒಂಟಿ ಆಗ್ತಾವ. ಮೊದಲ ಸಾಲ ಹಚ್ಚಬೇಕಿತ್ತು."

"ಎಲ್ಲಿ ಸಾಲು? ಇಲ್ಲಿಗಿ ಎತ್ತ ತರಸ್ತಿ ಏನು?"

"ಇದರೊಳಗೇರಿ. ಮಗ್ಗಲದಾಗಿನ ಎರಡನ್ನ ಹೋಲಿಸೂದು. ಮುಂದಿಂದು ದೊಡ್ಡದಿತ್ತಂದ್ರ ಅದಲಿಬದಲಿ. ಮತ್ತ ಮುಂದಿನ ಎರಡು. ಹಿಂಗ ತಿರಿಗಿ ತಿರಿಗಿ ಹೋದ್ರ ಗಿಡ್ಡದು ಈ ತುದಿಗಿ, ಎತ್ತರದ್ದು ಆ ತುದಿಗಿ ಬಂದ್ ನಿಲ್ತಾವ. ಆಮ್ಯಾಲ ತುದಿಯಿಂದ ಎರಡೆರಡು ಕಟ್ಟಿಕೋತ ಹೋಗೂದು."

ಅವಳು ಟಪಟಪ ಬಡಿಯತೊಡಗಿದಳು. ಅರ್ಧ ಆಗಿತ್ತು, ಕರೆಂಟು ಹೋಯಿತು. ಕರೆಂಟಿನ ಜೊತೆ ಬಡಿದದ್ದೂ ಹೋಯಿತು. ಜಾತಿ ಇಲ್ಲದ ದೇವರು ಕಪ್ಪು ಮುಖ ಮಾಡಿಕೊಂಡು ಹಾರ ಹಾಕಿಕೊಂಡು ಕುಳಿತಿತು. ಕರೆಂಟು ಬರುವವರೆಗೆ ಮಲ್ಕಮ್ಮ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ಹಂಚಿದಳು. ಜವಾನ ಕಿವಿ ಹಿಡಿದುಕೊಂಡೇ ಬಂದು ಒಂದು ರೊಟ್ಟಿ ಒಯ್ದ.

ಕರೆಂಟು ಬಂದ ಮೇಲೆ ಅಂಕಿಗಳು ಪರದೆಯ ಮೇಲೆ ಸರಿದಾಡಿದವು. ದೊಡ್ಡದು ಹಿಂದಕ್ಕೆ, ಸಣ್ಣದು ಮುಂದಕ್ಕೆ. ನೀರಿನ ಕೊಡ ಹಿಡಿದು ನಿಂತವರನ್ನು ಯಾರೋ ಗದರಿಸಿ ಸಾಲಿಗೆ ತಂದಂತೆ. ಕೊನೆಗೆ ನಿಂತವು: ನಲವತ್ನಾಲ್ಕು, ನಲವತ್ತಾರು, ನಲವತ್ತೇಳು, ನಲವತ್ತೊಂಬತ್ತು, ಐವತ್ತು, ಐವತ್ತೊಂದು, ಐವತ್ಮೂರು, ಐವತ್ತೈದು.

"ನೋಡ್ರಿ! ಯಾವ ಜೋಡ್ಯಾಗೂ ಎರಡ ಇಂಚ್‌ಕಿಂತ ಜಾಸ್ತಿ ಫರಕ್ ಇಲ್ಲ."

ಮಲ್ಕಮ್ಮ ಬಗ್ಗಿ ನೋಡಿದಳು. "ಈ ಐವತ್ಮೂರು ಯಾರದು?"

ಶಮಶಾದ ಕಾಗದ ನೋಡಿದಳು. "ದೌಲತರಾಯ ಅಂತ ಅದರಿ."

ಮಲ್ಕಮ್ಮ ಪರದೆಯಿಂದ ಹಿಂದೆ ಸರಿದಳು.

"ತಗಿ ಅದನ್ನ" ಎಂದಳು. "ನನಗ ಐವತ್ತೊಂದು ಹಾಕು. ಶಾಂತಲಿಂಗಪ್ಪಂದು. ಭಲೇ ಮನಷ್ಯಾ ಅಂವ."

"ಹಾಕ್ಲಿಕ್ಕ ಬರ್ತದ್ರಿ. ನಿಮಗ ನಾಲ್ಕ ಇಂಚ್ ಫರಕ್ ಆಗ್ತದ. ದೌಲತರಾಯಗ ಐವತ್ತು ಹೋಗ್ತದ, ಅಲ್ಲಿ ಮೂರ ಇಂಚ್. ನಾಲ್ಕ ಇಂಚಿಗಿ ಏನಾಗ್ತದ್ರಿ?"

ಏನಾಗುತ್ತದೆ ಎಂಬುದು ಮಲ್ಕಮ್ಮನಿಗೆ ಗೊತ್ತಿತ್ತು. ಹನ್ನೊಂದು ಇಂಚಿಗೆ ಅರ್ಧ ಹೊತ್ತಿನಲ್ಲಿ ಕಿತ್ತುಬಂದ ತೊಗಲು ನಾಲ್ಕು ಇಂಚಿಗೆ ಎರಡು ದಿನದಲ್ಲಿ ಕಿತ್ತುಬರುತ್ತದೆ. ಮೂರನೆಯ ಹಲ್ಲು ಗಾಳಿಯಲ್ಲಿ ಬರೆಯದಿದ್ದರೂ ನೆಲದ ಮೇಲೆ ಕೆರೆದುಕೊಂಡು ಹೋಗುತ್ತದೆ, ಮೂರು ಸಾಲಿಗೊಂದು ಸಾಲಿನ ಬೀಜ ಹಕ್ಕಿಯ ಪಾಲು. ಅಷ್ಟು ಗೊತ್ತಿದ್ದೂ ಅವಳು ಹೇಳಿದಳು: "ನಡೀತದ."

"ನಾ ಇದಕ್ಕ ಎತ್ತರ ಅಷ್ಟೇ ಹೇಳೇನ್ರಿ" ಎಂದಳು ಶಮಶಾದ, ಕೀಲಿಗಳ ಮೇಲೆ ಬೆರಳಿಟ್ಟು. "ಸಿಟ್ಟಿನ ಲೆಕ್ಕ ಹೇಳಿಲ್ಲ. ನೀವು ಹೇಳಿದ್ರ ಬರೀತೇನಿ. ಸಿಟ್ಟಿಗಿ ಎಷ್ಟ್ ಇಂಚ್ ಹಿಡೀಲ್ರಿ?"

ಮಲ್ಕಮ್ಮ ಹುಡುಗಿಯನ್ನು ನೋಡಿದಳು. ಕೆನ್ನೆಗೆ ಎರಡು ಬಿಡಬೇಕೆನಿಸಿತು. ಬಿಟ್ಟಿದ್ದರೂ ಉತ್ತರ ಸಿಗುತ್ತಿರಲಿಲ್ಲ. ನಾಲ್ಕು ಇಂಚು ಸಿಟ್ಟು ಹಿಡಿದರೆ ಎರಡು ಎಕರೆ ಜೋಳ ಹೋಗುತ್ತದೆ. ಎರಡು ಎಕರೆ ಹೋದರೆ ಬದುವಿನಾಚೆ ನಿಂತವನು ಇನ್ನೂ ಒಂದು ಹೆಜ್ಜೆ ಮುಂದೆ ಬರುತ್ತಾನೆ. ಅವನ ಮೇಲಿನ ಸಿಟ್ಟಿಗೆ ಅವನಿಗೇ ಹೊಲ ಬಿಟ್ಟುಕೊಡುವಷ್ಟು ದಾನಶೂರೆ ಅವಳಲ್ಲ.

"ಹಾಕು ಐವತ್ಮೂರು" ಎಂದಳು. "ಎತ್ತಿಗಿ ಎತ್ತ ಕಟ್ಟಾಕತ್ತೀದಿ. ನನ್ನೇನ್ ಅವನ ಜೋಡಿ ಕಟ್ಟಾಕತ್ತಿಲ್ಲಲ್ಲ."

ಮರುದಿನ ಸಾಹೇಬರು ಹೊಸ ಕಾಗದ ತಂದು ಅದೇ ಕಟ್ಟೆಯ ಮೇಲೆ ನಿಂತು, ಮೊದಲನೆಯ ಕಾಗದ ಬರೀ ಪ್ರಯೋಗಕ್ಕೆಂದೂ, ಇದು ತಾವೇ ಕಂಪ್ಯೂಟರಿಗೆ ತಿದ್ದಿ ಕಲಿಸಿದ್ದೆಂದೂ ಹೇಳಿದರು. ಇಮಾಮಸಾಬನಿಗೆ ಎರಡೇ ಇಂಚು ಫರಕಿನ ಜೋಡಿ ಸಿಕ್ಕಿತು. ಅವನು ಕಾಗದಕ್ಕೆ ಕೈಮುಗಿದ. ದೌಲತರಾಯ ಮಾತ್ರ ಮೈಮೇಲೆ ಬಂದವನಂತೆ ಹಾರಾಡಿದ.

"ನಂದು ಶಾಂತಲಿಂಗಪ್ಪಂದು ಛಲೋ ಜೋಡಿ ಇತ್ರಿ! ಯಾಕ್ ಮುರೀತೀರಿ?"

"ಕಂಪ್ಯೂಟರ್ ಹೇಳಿದೆಯಪ್ಪ."

"ಮೊದಲೂ ಅದೇ ಹೇಳಿತ್ತಲ್ರಿ!"

"ಆಗ ಅದಕ್ಕೆ ತಿಳುವಳಿಕೆ ಕಡಿಮೆ ಇತ್ತು."

ದೌಲತರಾಯ ಹಾರಾಡಲು ಕಾರಣ ಬೇರೆ ಇತ್ತು. ದೊಡ್ಡಸ್ತಿಕೆ ತೋರಿಸಲು ಅವನು ಶಾಂತಲಿಂಗಪ್ಪನ ಹೊಲವನ್ನು ಮೊದಲು ಬಿತ್ತಿಕೊಟ್ಟಿದ್ದ. ಶಾಂತಲಿಂಗಪ್ಪನದು ಮುಗಿದಿತ್ತು, ಅವನದು ಹಾಗೇ ಇತ್ತು. ಮೇಲಾಗಿ ಅವನ ಹೆಂಡತಿ ಸುಭದ್ರಾಬಾಯಿ ಮಗಳ ಬಾಣಂತನಕ್ಕೆ ಅಫಜಲಪುರಕ್ಕೆ ಹೋಗಿದ್ದಳು. ಕೂರಿಗೆ ಬಟ್ಟಲಿಗೆ ಬೀಜ ಬಿಡುವವರು ಮನೆಯಲ್ಲಿ ಇರಲಿಲ್ಲ. ನೆಲದಲ್ಲಿ ಉಳಿದದ್ದು ಬಹಳವೆಂದರೆ ಎರಡು ದಿನದ ಹದ.

ಅದರ ಮರುದಿನ ಬೆಳಿಗ್ಗೆ ಫೋಟೋದವರು ಬಂದು ಹೋದರು. ಅವರ ಧೂಳು ಇಳಿಯುವ ಮೊದಲೇ ದೌಲತರಾಯ ಎರಡೂ ಎತ್ತು ಹೂಡಿ ತನ್ನ ಹೊಲದ ತುದಿಗೆ ನಿಂತ. ನೊಗ ನೆಟ್ಟಗೆ ಕೂತಿತ್ತು. ಮಲ್ಕಮ್ಮ ಉಡಿಯಲ್ಲಿ ಜೋಳ ಕಟ್ಟಿಕೊಂಡು ಬಂದು ಕೂರಿಗೆಯ ಹಿಂದೆ ನಿಂತಳು. ಇಬ್ಬರ ನಡುವೆ ಒಂದು ಮಾರು ಜಾಗ, ಏಳು ವರ್ಷ.

ದೌಲತರಾಯ ತನ್ನ ಎತ್ತಿನ ಬೆನ್ನು ತಟ್ಟಿದ. "ಏನಪಾ, ನಿನ್ನ ಬಾಜೂದಂವಗ ಹೇಳು, ಮೊದಲ ನಮ್ಮ ಹೊಲ. ಹಿಂದಾಗಡೆ ಅವರದು."

ಮಲ್ಕಮ್ಮ ತನ್ನ ಎತ್ತಿನ ಬಾಲದ ಕಡೆ ಬಗ್ಗಿದಳು. "ಅವಗ ಹೇಳಪಾ, ಹಿಂದಾಗಡೆ ಅನ್ನೋದು ಕೇಳಿ ಕೇಳಿ ಸಾಕಾಗ್ಯದ. ಬೀಜ ನನ್ನ ಉಡ್ಯಾಗ ಅದಾವ. ನಾ ಬಿಡಲಿಲ್ಲಂದ್ರ ಅವನ ಒಡಿಯಾ ಬರೇ ಗೀರ ಹಾಕ್ಕೋತ ಹೋಗಬೇಕು."

"ಅಕಿಗಿ ಹೇಳು, ಎತ್ತ ಹೊಡಿಯಾಂವ ನಾ ಅಂತ. ನಾ ಹೊಡೀಲಿಲ್ಲಂದ್ರ ಬೀಜ ಉಡ್ಯಾಗೇ ಮೊಳಕಿ ಒಡೀತಾವ."

ಎತ್ತುಗಳು ಇಬ್ಬರ ಮಾತನ್ನೂ ಕೇಳಿದವು. ಎರಡು ಇಂಚಿನ ಅಂತರದಲ್ಲಿ ಕಿವಿ ಬೀಸಿದವು, ಯಾರ ಪರವೂ ತೀರ್ಪು ಕೊಡಲಿಲ್ಲ. ಬಿಸಿಲು ಏರುತ್ತಿತ್ತು. ಹದ ಯಾರ ಮರ್ಯಾದೆಗೂ ಕಾಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಹಂಗಾರ," ಎಂದಳು ಮಲ್ಕಮ್ಮ ಎತ್ತಿಗೆ, "ಒಂದ್ ಸಾಲ ಅವರ ಹೊಲದಾಗ, ಒಂದ್ ಸಾಲ ನಮ್ಮ ಹೊಲದಾಗ. ಬದುವಿನ ಹಂತೇಲಿ ಕೂರಿಗಿ ಎತ್ತಿ ಈ ಕಡಿ ಇಡೂದು. ಯಾರೂ ಹಿಂದಿಲ್ಲ, ಯಾರೂ ಮುಂದಿಲ್ಲ."

ಇದಕ್ಕಿಂತ ಹುಚ್ಚು ಬಿತ್ತಿಗೆಯನ್ನು ಆ ಸೀಮೆಯಲ್ಲಿ ಯಾರೂ ನೋಡಿರಲಿಲ್ಲ. ದೌಲತರಾಯ ಹೂಂ ಅನ್ನಲಿಲ್ಲ, ಎತ್ತು ಹೊಡೆದ. ಅವಳು ಹಿಂದೆ ಹಿಂದೆ ಬೀಜ ಬಿಡುತ್ತ ನಡೆದಳು. ಮೂರೂ ಹಲ್ಲು ಸಮವಾಗಿ ಇಳಿದವು. ಸಾಲು ಮುಗಿದ ಮೇಲೆ ಎತ್ತು ಬದು ದಾಟಿದವು, ಕೂರಿಗೆಯ ಆ ಕಡೆ ಅವನು, ಈ ಕಡೆ ಅವಳು, ಎತ್ತಿ ದಾಟಿಸಿದರು. ಮತ್ತೆ ಅವಳ ಹೊಲದ ಸಾಲು. ಮತ್ತೆ ಬದು. ದಾರಿಯಲ್ಲಿ ಹೋಗುವವರು ನಿಂತು ನೋಡಿ, ಏನೆಂದು ಕೇಳಲು ಧೈರ್ಯ ಸಾಲದೆ ಹೋಗುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಬದುವಿನ ಕಲ್ಲಿಗೆ ಕೂರಿಗೆಯ ಹಲ್ಲು ಸಿಕ್ಕು ಕರ್ ಎಂದಿತು. ಎತ್ತುಗಳು ಮುಂದಕ್ಕೆ ಜಗ್ಗಿದವು. ದೌಲತರಾಯ ಗಾಬರಿಯಲ್ಲಿ ಒದರಿದ: "ವೈನೀ, ಆ ಕಡಿ ಹಿಡೀ ಬೇ, ಮುರೀತದ!"

ಮಲ್ಕಮ್ಮ ಹಿಡಿದಳು. ಹಲ್ಲು ಉಳಿಯಿತು. ಕೂರಿಗೆಯನ್ನು ತನ್ನ ಹೊಲದ ಮಣ್ಣಿನಲ್ಲಿ ಇಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಎತ್ತಿನ ಕಡೆ ತಿರುಗಿದಳು.

"ಕೇಳಿದೇನಪಾ? ಏಳ ವರ್ಷದ ಮ್ಯಾಲ ಬಾಯಿ ಬಿಟ್ಟಾನ, ಅದೂ ಹಮಾಲಿ ಮಾಡಾಕ ಹಚ್ಚಾಕ. ನಡಿ, ಹೊಡಿ ಅನ್ನು ಅವಗ. ಹದ ಆರಾಕತ್ತದ."

ದೌಲತರಾಯ ಎತ್ತು ಹೊಡೆದ.